ಹಳೆಯ ಹೆಸರು ಬೇಡವೆಂದ ಇಪ್ಪತ್ತೆರಡು ಮಂದಿ

2020ರ ಆಗಸ್ಟ್‌ನಲ್ಲಿ ಕಮಲಾ ಹ್ಯಾರಿಸ್ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಎಂದು ಪ್ರಕಟವಾದ ಬೆನ್ನಿಗೇ ಪ್ರಚಾರ ನಿಧಿಗೆ ಒಂದು ವಿಚಿತ್ರ ಮೊತ್ತ ಮತ್ತೆ ಮತ್ತೆ ಬರತೊಡಗಿತು: 19 ಡಾಲರ್ 8 ಸೆಂಟ್. ಕಳುಹಿಸುತ್ತಿದ್ದವರು ಆಲ್ಫಾ ಕಪ್ಪಾ ಆಲ್ಫಾ ಎಂಬ ಸೊರಾರಿಟಿಯ, ಅಂದರೆ ಕಾಲೇಜು ವಿದ್ಯಾರ್ಥಿನಿಯರ ಕೂಟದ, ಸದಸ್ಯೆಯರು. ಅದು ಹುಟ್ಟಿದ್ದು 1908ರಲ್ಲಿ. ವಾಷಿಂಗ್ಟನ್‌ನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹ್ಯಾರಿಸ್ 1986ರಲ್ಲಿ ಸೇರಿದ್ದು ಇದರ ಮೊಟ್ಟಮೊದಲ ಶಾಖೆಗೇ. ವರ್ಷಕ್ಕೊಮ್ಮೆ ಊಟಕ್ಕೆ ಸೇರಿ ಚದುರುವ ನಮ್ಮ ಹಳೆಯ ವಿದ್ಯಾರ್ಥಿ ಸಂಘಗಳನ್ನು ಕಂಡವರಿಗೆ ಈ ನಿಷ್ಠೆ ಅತಿಯೆನಿಸಬಹುದು. ಅದರ ಬೇರು ಹುಡುಕಲು ಶತಮಾನ ಹಿಂದಕ್ಕೆ ಹೋಗಬೇಕು.

ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು, ಆಯ್ದವರಿಗಷ್ಟೇ ದೀಕ್ಷೆ ಕೊಟ್ಟು ಸೇರಿಸಿಕೊಳ್ಳುವ ವಿದ್ಯಾರ್ಥಿನಿಯರ ಕೂಟಗಳು ಅಮೆರಿಕದ ಕಾಲೇಜುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಹುಟ್ಟಿದ್ದವು. ಅವು ಬಿಳಿಯರ ಕೂಟಗಳು. ಹಾವರ್ಡ್ 1867ರಲ್ಲಿ, ಗುಲಾಮಗಿರಿ ಕೊನೆಗೊಂಡ ಹೊಸತರಲ್ಲಿ ಆರಂಭವಾದ, ಹೆಚ್ಚಾಗಿ ಕರಿಯರು ಓದುವ ಸಂಸ್ಥೆ. ಅಲ್ಲಿನ ವಿದ್ಯಾರ್ಥಿನಿ ಎಥೆಲ್ ಹೆಜ್‌ಮನ್‌ಗೆ ಸೊರಾರಿಟಿಯ ಕಥೆ ಹೇಳಿದವರು ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದ ಅಧ್ಯಾಪಕಿ ಎಥೆಲ್ ರಾಬಿನ್ಸನ್. 1908ರ ಜನವರಿ 15ರಂದು ಮೈನರ್ ಹಾಲ್‌ನಲ್ಲಿ ಒಂಬತ್ತು ಗೆಳತಿಯರು ಸೇರಿ ಆಲ್ಫಾ ಕಪ್ಪಾ ಆಲ್ಫಾ ಸಂಘ ಕಟ್ಟಿದರು. ನಸುಗೆಂಪು ಮತ್ತು ಎಳೆ ಹಸಿರು ಅದರ ಬಣ್ಣ, ಐವಿ ಎಲೆ ಅದರ ಗುರುತು. ಸ್ಥಾಪಕಿಯರಲ್ಲಿ ಒಬ್ಬರಾದ ಲೂಸಿ ಡಿಗ್ಸ್ ಸ್ಲೋ 1917ರಲ್ಲಿ ಕರಿಯರ ರಾಷ್ಟ್ರೀಯ ಟೆನಿಸ್ ಪ್ರಶಸ್ತಿ ಗೆದ್ದರು. 1922ರಲ್ಲಿ ಹಾವರ್ಡ್‌ನ ವಿದ್ಯಾರ್ಥಿನಿಯರ ಡೀನ್ ಆದ ಮೇಲೆ ಅವರ ಪರವಾಗಿ ಆಡಳಿತದೊಂದಿಗೆ ಸೆಣಸಿದ ಗಟ್ಟಿಗಿತ್ತಿ ಅವರು.

ಕಥೆ ನಿಜಕ್ಕೂ ಬಿಸಿಯೇರುವುದು 1912ರಲ್ಲಿ. ಆಗ ಓದುತ್ತಿದ್ದ ಇಪ್ಪತ್ತೆರಡು ಸದಸ್ಯೆಯರಿಗೆ ಸಂಘದ ಹೆಸರು, ಬಣ್ಣ, ಲಾಂಛನ ಯಾವುದೂ ರುಚಿಸಲಿಲ್ಲ. ಸಂಘವು ಬೀದಿಗಿಳಿದು ದುಡಿಯಬೇಕು, ರಾಜಕೀಯದಲ್ಲಿ ದನಿ ಎತ್ತಬೇಕು ಎಂಬುದು ಅವರ ಹಟ. ಸುದ್ದಿ ತಿಳಿದ ಹಿಂದಿನ ಅಧ್ಯಕ್ಷೆ ನೆಲ್ಲಿ ಕ್ವಾಂಡರ್ ಒಪ್ಪಲಿಲ್ಲ. ಮನಸ್ಸು ಬದಲಿಸಲು ಗಡುವು ಕೊಟ್ಟರು. ಬಂಡೆದ್ದವರು ಮಣಿಯದೆ 1913ರ ಜನವರಿ 13ರಂದು ಡೆಲ್ಟಾ ಸಿಗ್ಮಾ ಥೀಟಾ ಎಂಬ ಬೇರೆ ಸೊರಾರಿಟಿಯನ್ನೇ ಕಟ್ಟಿಕೊಂಡರು. ಕ್ವಾಂಡರ್ ಮತ್ತು ಸಂಗಡಿಗರು ಅದೇ ತಿಂಗಳ 29ರಂದು ಹಳೆಯ ಹೆಸರನ್ನು ಕಾನೂನುಬದ್ಧವಾಗಿ ನೋಂದಾಯಿಸಿ ಭದ್ರಪಡಿಸಿದರು. ನನಗನ್ನಿಸುವಂತೆ ಎರಡೂ ಸಂಘಗಳು ಬಲಿತದ್ದು ಈ ಜಗಳದಿಂದಲೇ. ಒಡಕಿಲ್ಲದಿದ್ದರೆ ನೋಂದಣಿಗೆ ಅವಸರವೂ ಇರುತ್ತಿರಲಿಲ್ಲ.

ಹೊಸಬರು ಮಾತು ಉಳಿಸಿಕೊಂಡರು. ಮಾರ್ಚ್ 3ರಂದು, ವುಡ್ರೊ ವಿಲ್ಸನ್ ಅಧಿಕಾರ ವಹಿಸುವ ಹಿಂದಿನ ದಿನ, ಮಹಿಳಾ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್‌ನಲ್ಲಿ ನಡೆದ ಮಹಾ ಮೆರವಣಿಗೆಯಲ್ಲಿ ಡೆಲ್ಟಾದ ವಿದ್ಯಾರ್ಥಿನಿಯರೂ ಹೆಜ್ಜೆ ಹಾಕಿದರು. ಹಿರಿಯ ಹೋರಾಟಗಾರ್ತಿ ಮೇರಿ ಚರ್ಚ್ ಟೆರೆಲ್ ಅವರ ಜೊತೆಗಿದ್ದರು. ದಕ್ಷಿಣದ ಬಿಳಿಯರು ಮುನಿಸಿಕೊಂಡಾರೆಂದು ಸಂಘಟಕರು ಕರಿಯ ಹೆಂಗಸರನ್ನು ಹಿಂದಕ್ಕೆ ಸರಿಸಲು ನೋಡಿದ್ದ ಮೆರವಣಿಗೆ ಅದು.

ಹಾಗೆಂದು ಹಳೆಯ ಸಂಘ ಸುಮ್ಮನೆ ಕೂರಲಿಲ್ಲ. 1934ರಲ್ಲಿ ಅದರ ರಾಷ್ಟ್ರೀಯ ಅಧ್ಯಕ್ಷೆ ಐಡಾ ಜಾಕ್ಸನ್ ಮಿಸಿಸಿಪ್ಪಿಯ ಹಳ್ಳಿಗಾಡಿನ ಶಿಕ್ಷಕರಿಗೆ ಬೇಸಿಗೆ ಶಾಲೆ ನಡೆಸಿದರು. ಪಾಠಕ್ಕಿಂತ ಮೊದಲು ಔಷಧಿ ಬೇಕೆಂಬುದು ಅಲ್ಲಿ ಗೊತ್ತಾಯಿತು. ಮರುವರ್ಷ ಡಾ. ಡೊರೊಥಿ ಫೆರಿಬೀ ನೇತೃತ್ವದಲ್ಲಿ ಸದಸ್ಯೆಯರು ಅದೇ ರಾಜ್ಯದ ಹೋಮ್ಸ್ ಕೌಂಟಿಗೆ ಹೋದರು. ಚಿಕಿತ್ಸಾ ಶಿಬಿರಕ್ಕೆ ಕೂಲಿಗಳನ್ನು ಕಳುಹಿಸಲು ಹತ್ತಿ ತೋಟಗಳ ಒಡೆಯರು ಒಪ್ಪಲಿಲ್ಲ. ಸರಿ, ಕಾರುಗಳನ್ನೇ ಚಿಕಿತ್ಸಾಲಯ ಮಾಡಿಕೊಂಡು ತೋಟಗಳಿಗೇ ನಡೆದರು; ಮಕ್ಕಳಿಗೆ ಸಿಡುಬು ಮತ್ತು ಗಂಟಲಮಾರಿಯ ಲಸಿಕೆ ಹಾಕಿದರು. 1942ರವರೆಗೆ ಈ ಬೇಸಿಗೆಯ ಕೆಲಸ ನಡೆಯಿತು. ಬೀದಿಗಿಳಿಯುವುದಿಲ್ಲವೆಂದು ಯಾರನ್ನು ದೂರಿದ್ದರೋ ಅವರ ಸಂಘವೇ ಇದನ್ನು ಮಾಡಿದ್ದು.

ಇಂಥ ಕೂಟಗಳ ಒಳಬದುಕು ಇಷ್ಟೇ ಅಲ್ಲ. ಒಟ್ಟಿಗೆ ದೀಕ್ಷೆ ಪಡೆಯುವವರ ತಂಡವನ್ನು 'ಲೈನ್' ಎನ್ನುತ್ತಾರೆ. ಅವರನ್ನು ಕ್ಯಾಂಪಸ್ಸಿಗೆ ಪರಿಚಯಿಸುವ ದಿನ ದೊಡ್ಡ ಗದ್ದಲ. ಕಾಲಿನಿಂದಲೂ ಚಪ್ಪಾಳೆಯಿಂದಲೂ ತಾಳ ಹಿಡಿಯುವ 'ಸ್ಟೆಪ್ಪಿಂಗ್' ಕುಣಿತಕ್ಕೆ ಜನ ಮುತ್ತಿಕೊಳ್ಳುತ್ತಾರೆ. ಸದಸ್ಯತ್ವ ಪದವಿಯೊಂದಿಗೆ ಮುಗಿಯದು, ಅದು ಜೀವನಪೂರ್ತಿ. ಓದು ಮುಗಿಸಿದವರಿಗೆ ಊರೂರಲ್ಲಿ ಪದವೀಧರರ ಶಾಖೆಗಳಿವೆ. ಜೊತೆಗೆ ಇವು ಉಳ್ಳವರ ಕೂಟಗಳು, ತಿಳಿ ಮೈಬಣ್ಣಕ್ಕೆ ಮಣೆ ಹಾಕಿದವು ಎಂಬ ಟೀಕೆಯೂ ಕರಿಯ ಸಮುದಾಯದೊಳಗೇ ಹಳೆಯದು.

ಹೊಸಬರನ್ನು ಪರೀಕ್ಷೆಯ ಹೆಸರಿನಲ್ಲಿ ಗೋಳುಹೊಯ್ದುಕೊಳ್ಳುವುದು ಇದರ ಕರಾಳ ಮುಖ. 1989ರಲ್ಲಿ ಅಟ್ಲಾಂಟಾದ ಕಾಲೇಜೊಂದರಲ್ಲಿ ಪುರುಷರ ಸಂಘ ಸೇರಲು ಹೊರಟ ವಿದ್ಯಾರ್ಥಿಯೊಬ್ಬ ಸತ್ತ. 1990ರಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ಕರಿಯರ ಎಂಟು ಪ್ರಮುಖ ಸಂಘಗಳು ಒಟ್ಟಾಗಿ, ತಿಂಗಳುಗಟ್ಟಲೆಯ ಹಳೆಯ ದೀಕ್ಷಾ ಪದ್ಧತಿಯನ್ನೇ ರದ್ದುಮಾಡಿ ಅರ್ಜಿ, ಸಂದರ್ಶನಗಳ ಚಿಕ್ಕ ವಿಧಾನವನ್ನು ತಂದವು. ಕದ್ದುಮುಚ್ಚಿ ನಡೆಯುವ ಹಿಂಸೆ ಅದರಿಂದ ನಿಲ್ಲಲಿಲ್ಲ. ಮೇಲಾಗಿ, ಕಷ್ಟಪಡದೆ ಒಳಬಂದವರು ಅಸಲಿ ಸದಸ್ಯರಲ್ಲ ಎಂದು ಮೂಗುಮುರಿಯುವ ಹಿರಿಯರೂ ಇದ್ದಾರೆ. ನಿಯಮ ಮಾಡಿದ ಸಂಸ್ಥೆಗಳಿಗೆ ಇವರೇ ದೊಡ್ಡ ತಲೆನೋವು.