ಗುಂಡು ತುಂಬುವಷ್ಟರಲ್ಲಿ

1863ರ ಅಕ್ಟೋಬರ್ 6, ಮಧ್ಯಾಹ್ನದ ಊಟದ ಹೊತ್ತು. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಕ್ಯಾನ್ಸಸ್ ರಾಜ್ಯದ ಆಗ್ನೇಯ ಮೂಲೆಯ ಬ್ಯಾಕ್ಸ್‌ಟರ್ ಸ್ಪ್ರಿಂಗ್ಸ್‌ನಲ್ಲಿ ಉತ್ತರದವರ ಫೋರ್ಟ್ ಬ್ಲೇರ್ ಅನ್ನುವ ಗಡಿಕೋಟೆ ಇತ್ತು. ಕೋಟೆ ಅಂತ ಹೆಸರಿಗೆ ಮಾತ್ರ. ಮರದ ದಿಮ್ಮಿ, ಮಣ್ಣಿನ ದಿಬ್ಬ, ಅಷ್ಟೇ. ಜಾಗ ಸಾಲದೆಂದು ಪಶ್ಚಿಮದ ಗೋಡೆಯನ್ನೂ ಕೆಡವಿದ್ದರು. ಒಂದಷ್ಟು ಸೈನಿಕರು ಮೇವು ತರಲು ಹೋಗಿದ್ದರು. ಉಳಿದವರು ಕೋಟೆಯ ಹೊರಗೆ ಊಟಕ್ಕೆ ಕೂತಿದ್ದರು. ಅವರ ಬಂದೂಕುಗಳು ಒಳಗಿದ್ದವು.

ಆಗ ಕಾಡಿನಿಂದ ದಕ್ಷಿಣದ ಪರವಾಗಿದ್ದ ವಿಲಿಯಂ ಕ್ವಾಂಟ್ರಿಲ್‌ನ ಗೆರಿಲ್ಲಾ ಪಡೆ ನುಗ್ಗಿತು. ಒಟ್ಟು ಸುಮಾರು 400 ಕುದುರೆ ಸವಾರರ ತಂಡ ಅದು. ಆಗಸ್ಟ್‌ನಲ್ಲಿ ಇದೇ ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣದಲ್ಲಿ ನರಮೇಧ ನಡೆಸಿ, ಚಳಿಗಾಲ ಕಳೆಯಲು ಟೆಕ್ಸಾಸ್ ಕಡೆ ಹೊರಟಿತ್ತು.

ಈ ಸವಾರರ ಬಲ ಇದ್ದದ್ದು ಅವರ ಸೊಂಟದ ರಿವಾಲ್ವರಿನಲ್ಲಿ. ಸೇನೆಯ ಕಾಲಾಳಿನ ಬಂದೂಕಿಗೆ ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಸಲಾಕೆಯಿಂದ ಗಿಡಿಯಬೇಕು. ಎಷ್ಟೇ ಪಳಗಿದವನಾದರೂ ನಿಮಿಷಕ್ಕೆ ಮೂರು ಗುಂಡು. ಕೋಲ್ಟ್ ರಿವಾಲ್ವರಿನಲ್ಲಿ ಆರು ಕೋಣೆಗಳನ್ನು ಮೊದಲೇ ತುಂಬಿಟ್ಟಿರುತ್ತಾರೆ. ಹಿಂಬದಿಯ ಸುತ್ತಿಗೆಯನ್ನು ಹಿಂದಕ್ಕೆ ಎಳೆದಾಗ ಉರುಳೆ ತಿರುಗಿ ಮುಂದಿನ ಕೋಣೆ ನಳಿಗೆಗೆ ಸರಿಯಾಗಿ ಬಂದು ನಿಲ್ಲುತ್ತದೆ. ಕೆಲವೇ ಸೆಕೆಂಡಲ್ಲಿ ಆರೂ ಖಾಲಿ.

ಇದನ್ನು ಸಾಧ್ಯವಾಗಿಸಿದ್ದು ಒಂದು ಪುಟ್ಟ ತಾಮ್ರದ ಟೊಪ್ಪಿ, ಅಂದರೆ ಕೇಪು. ದೀಪಾವಳಿಯಲ್ಲಿ ಮಕ್ಕಳು ಆಟದ ಪಿಸ್ತೂಲಿಗೆ ಹಾಕುವ ಕೇಪಿನ ಹಾಗೇ ಇದೂ ಪೆಟ್ಟು ಬಿದ್ದರೆ ಸಿಡಿಯುತ್ತದೆ, ಒಳಗಿನ ರಾಸಾಯನಿಕ ಮಾತ್ರ ಬೇರೆ. ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಆಲ್ಕೋಹಾಲ್ ಬೆರೆಸಿದರೆ ಸಿಗುವ ಮರ್ಕ್ಯುರಿ ಫಲ್ಮಿನೇಟ್ ಅದು. ಅದರ ಅಣುವಿನೊಳಗಿನ ಬಂಧಗಳು ಎಷ್ಟು ಸಡಿಲ ಅಂದರೆ, ಹೊಡೆತದ ಶಕ್ತಿಯೇ ಅವನ್ನು ಮುರಿಯಲು ಸಾಕು. ಕಿಡಿ ಕೋಣೆಯೊಳಗೆ ಹಾರಿ ಮದ್ದಿಗೆ ಬೆಂಕಿ ತಗಲುತ್ತದೆ.

ಆ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಉಳಿದದ್ದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಒದಗಿಸುವ ಆಮ್ಲಜನಕದಲ್ಲಿ ಉಳಿದೆರಡು ಉರಿಯುತ್ತವೆ. ಉತ್ತರದವರ ಮದ್ದಿಗೆ ಬೇಕಾದ ಪೆಟ್ಲುಪ್ಪಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಭಾರತದಿಂದ, ಹೆಚ್ಚಾಗಿ ಬಿಹಾರದಿಂದ! ದನಕರುಗಳ ಗಂಜಲ, ಸಗಣಿ ಬಿದ್ದ ನೆಲದಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಆ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕಾಯಿಸಿ ಉಪ್ಪು ತೆಗೆಯುತ್ತಿದ್ದರು. 1861ರ ಕೊನೆಯಲ್ಲಿ ಬ್ರಿಟನ್ ಜೊತೆ ಜಗಳವಾಗಿ ಈ ಸರಕು ಲಂಡನ್ನಿನಲ್ಲಿ ಸಿಕ್ಕಿಕೊಂಡಾಗ ವಾಷಿಂಗ್ಟನ್ನಿನಲ್ಲಿ ಗಾಬರಿಯೋ ಗಾಬರಿ.

ರಿವಾಲ್ವರಿನ ತೊಂದರೆ ಶುರುವಾಗುವುದು ಆರನೇ ಗುಂಡಿನ ನಂತರ. ಪ್ರತಿ ಕೋಣೆಗೂ ಮದ್ದು, ಗುಂಡು, ಕೇಪು ಒಂದೊಂದಾಗಿ ತುಂಬಬೇಕು. ಓಡುವ ಕುದುರೆಯ ಮೇಲೆ ಅದು ಆಗುವ ಮಾತೇ? ಅದಕ್ಕೇ ಗೆರಿಲ್ಲಾಗಳು ಒಬ್ಬೊಬ್ಬರೇ ಎರಡು, ನಾಲ್ಕು, ಕೆಲವರು ಇನ್ನೂ ಜಾಸ್ತಿ ರಿವಾಲ್ವರ್ ಇಟ್ಟುಕೊಳ್ಳುತ್ತಿದ್ದರು.

ಇಷ್ಟೆಲ್ಲಾ ಇದ್ದೂ ಕೋಟೆ ಅವರಿಗೆ ಸಿಗಲಿಲ್ಲ. ಬರಿಗೈಲಿದ್ದ ಸೈನಿಕರು, ಅವರಲ್ಲಿ ಹಲವರು ಕರಿಯರ ದಳದವರು, ಕುದುರೆಗಳ ನಡುವೆಯೇ ಓಡಿ ಒಳಗೆ ಸೇರಿ ಬಂದೂಕು ಹಿಡಿದರು. ಲೆಫ್ಟಿನೆಂಟ್ ಜೇಮ್ಸ್ ಪಾಂಡ್ ಗೋಡೆಯ ಹೊರಗಿದ್ದ ಹೊವಿಟ್ಸರ್ ಫಿರಂಗಿಯನ್ನು ಒಬ್ಬನೇ ತುಂಬಿ ಮೂರು ಸಲ ಹಾರಿಸಿದ. (ಮುಂದೆ ಹೆಸರಾಂತ ಲೇಖಕ ಮಾರ್ಕ್ ಟ್ವೇನ್‌ನ ಭಾಷಣ ಪ್ರವಾಸ ಏರ್ಪಡಿಸಿದವನೂ ಇವನೇ.) ರಿವಾಲ್ವರಿನ ಗುಂಡು ಸುಮಾರು 5 ಗ್ರಾಂ, ಬಂದೂಕಿನದು 30 ಗ್ರಾಂಗೂ ಹೆಚ್ಚು. ಹಗುರ ಗುಂಡು ಮಣ್ಣಿನ ದಿಬ್ಬಕ್ಕೆ ಬಡಿದರೆ ಅಲ್ಲೇ ಹೂತುಹೋಗುತ್ತದೆ. ಹತ್ತಿರ ಹೋಗದಿದ್ದರೆ ರಿವಾಲ್ವರಿನಿಂದ ಕೆಲಸವಿಲ್ಲ, ಹತ್ತಿರ ಹೋದರೆ ಫಿರಂಗಿ ಬಿಡುವುದಿಲ್ಲ.

ಅದೇ ಹೊತ್ತಿಗೆ ಬಯಲಿನಲ್ಲಿ ಉತ್ತರದ ಜನರಲ್ ಜೇಮ್ಸ್ ಬ್ಲಂಟ್ ಸುಮಾರು 100 ಜನರ ಬೆಂಗಾವಲಿನೊಂದಿಗೆ ಬರುತ್ತಿದ್ದ. ಜೊತೆಗೆ ಬ್ಯಾಂಡಿನವರ ಗಾಡಿ ಬೇರೆ. ಎದುರಿಗೆ ಸಾಲಾಗಿ ನಿಂತವರಲ್ಲಿ ಹಲವರ ಮೈಮೇಲೆ ಉತ್ತರದ ಸೇನೆಯ ನೀಲಿ ಸಮವಸ್ತ್ರ ಕಂಡು, ಕೋಟೆಯವರು ಸ್ವಾಗತಕ್ಕೆ ಬಂದಿದ್ದಾರೆ ಅಂದುಕೊಂಡ. ನಿಜ ತಿಳಿಯುವಷ್ಟರಲ್ಲಿ ಅಂತರ ಮುಗಿದಿತ್ತು. ಬಯಲಲ್ಲಿ ಮಣ್ಣಿನ ದಿಬ್ಬವಿಲ್ಲ, ಓಡುತ್ತಾ ಬಂದೂಕು ತುಂಬಲು ಬಿಡುವಿಲ್ಲ. ಸುಮಾರು 80 ಜನ ಸತ್ತರು. ಶರಣಾದವರನ್ನೂ ಬ್ಯಾಂಡಿನವರನ್ನೂ ಬಿಡದೆ ಕೊಂದರು. ಇದನ್ನು ಯುದ್ಧ ಅನ್ನಲು ನನಗೆ ಮನಸ್ಸಿಲ್ಲ. ಬ್ಲಂಟ್ ತಪ್ಪಿಸಿಕೊಂಡ, ಕ್ವಾಂಟ್ರಿಲ್ ಟೆಕ್ಸಾಸ್ ಸೇರಿದ.

ಲೋಹದ ತೋಟಾ ಬಳಕೆಗೆ ಬಂದಮೇಲೆ ಕೇಪು, ಮದ್ದು, ಗುಂಡು ಮೂರೂ ಒಂದೇ ಕೊಳವೆಯೊಳಗೆ ಸೇರಿದವು. ಅದೇ 1863ರಲ್ಲಿ ಉತ್ತರದ ಕೆಲವು ದಳಗಳ ಕೈಗೆ ಬಂದಿದ್ದ ಸ್ಪೆನ್ಸರ್ ಬಂದೂಕಿನಲ್ಲಿ ಇಂಥ ಏಳು ತೋಟಾ ಒಟ್ಟಿಗೆ ಹಿಡಿಯುತ್ತಿದ್ದವು.