ಮರ ಸರ್ಕಾರದ್ದು, ಸೊಪ್ಪು ತೋಟಿಗರದ್ದು, ಇಂಗಾಲ ಯಾರದ್ದು?

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ 2023ರ ವರದಿಯ ಪ್ರಕಾರ ದೇಶದ ಕಾಡುಗಳಲ್ಲಿ ಸುಮಾರು 728.5 ಕೋಟಿ ಟನ್ ಇಂಗಾಲ ಸಂಗ್ರಹವಾಗಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇರುವುದು ಮರಗಳಲ್ಲಲ್ಲ, ಮಣ್ಣಿನಲ್ಲಿ. ಎಷ್ಟಿದೆ ಎಂಬುದಕ್ಕೆ ಹೀಗೆ ಲೆಕ್ಕ ಸಿಗುತ್ತದೆಯಾದರೂ ಅದು ಯಾರಿಗೆ ಸೇರಿದ್ದು ಎಂಬುದಕ್ಕೆ ನಮ್ಮ ಯಾವ ಅರಣ್ಯ ಕಾನೂನಿನಲ್ಲೂ ನೇರ ಉತ್ತರವಿಲ್ಲ.

ಈ ಮೌನದ ಬೇರು ಬ್ರಿಟಿಷರ ಕಾಲದಲ್ಲಿದೆ. 1865ರಲ್ಲಿ ಶುರುವಾದ ಅರಣ್ಯ ಕಾಯ್ದೆಗಳು 1878ರಲ್ಲಿ ಬಿಗಿಗೊಂಡು, 1927ರ ಕಾಯ್ದೆಯಲ್ಲಿ ಇಂದಿಗೂ ಉಳಿದಿರುವ ರೂಪ ಪಡೆದವು. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದ್ದೆಲ್ಲವೂ ಅಪರಾಧವಾಯಿತು. ಊರಿನವರು ತಲೆಮಾರುಗಳಿಂದ ಅನುಭವಿಸುತ್ತಿದ್ದ ಹಕ್ಕುಗಳು ಸರ್ಕಾರ ಕೊಡುವ ಸವಲತ್ತುಗಳಾದವು. 1927ರ ಕಾಯ್ದೆಯು 'ಅರಣ್ಯ ಉತ್ಪನ್ನ'ದ ಪಟ್ಟಿಯಲ್ಲಿ ಮರಮಟ್ಟು, ಇದ್ದಿಲು, ರಾಳ, ಎಲೆ, ಹೂವು, ಜೇನು, ಮೇಣ, ಆನೆದಂತಗಳಿಂದ ಹಿಡಿದು ಮೇಲ್ಮಣ್ಣಿನವರೆಗೆ ಎಲ್ಲವನ್ನೂ ಹೆಸರಿಸಿದೆ. ಇಂಗಾಲ ತುಂಬಿಕೊಂಡಿರುವ ವಸ್ತುಗಳು ಬಹುಪಾಲು ಅಲ್ಲಿವೆ. ಆದರೆ ಅವನ್ನು ಕಡಿಯದೆ, ಸಾಗಿಸದೆ, ಇದ್ದಲ್ಲೇ ಇರಗೊಟ್ಟದ್ದಕ್ಕೆ ಬೆಲೆ ಬಂದೀತು ಎಂಬ ಕಲ್ಪನೆ ಆ ಪಟ್ಟಿ ಬರೆದವರಿಗೆ ಇರಲು ಸಾಧ್ಯವಿರಲಿಲ್ಲ.

ಉತ್ತರ ಕನ್ನಡದ ಸೊಪ್ಪಿನ ಬೆಟ್ಟವನ್ನು, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡನ್ನು, ಬಲ್ಲವರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಉಂಟು. ನೆಲ ಸರ್ಕಾರದ್ದು, ಸೊಪ್ಪು ಮತ್ತು ದರಕನ್ನು (ಉದುರಿದ ಒಣ ಎಲೆ) ಬಳಸುವ ಅವಕಾಶ ತೋಟದವರದ್ದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟ ಸೇರಿದಾಗ ಸರ್ಕಾರಿ ನೆಲದ ಇಂಗಾಲ ಖಾಸಗಿ ಮಣ್ಣಿಗೆ ಬಂದಂತಾಯಿತು. ಇದನ್ನು ನಷ್ಟವೆನ್ನಬೇಕೋ ವರ್ಗಾವಣೆಯೆನ್ನಬೇಕೋ? ಬೆಂಕಿ ಬೀಳದಂತೆ ಬೆಟ್ಟ ಕಾಯ್ದುಕೊಂಡು ಬಂದ ಮನೆತನಕ್ಕೂ, ಬೆಟ್ಟವನ್ನು ಬೋಳು ಮಾಡಿದ ಮನೆತನಕ್ಕೂ ಕಾನೂನಿನ ಕಣ್ಣಲ್ಲಿ ಒಂದೇ ಸವಲತ್ತು ಎಂಬುದು ಬೇರೆ ಮಾತು.

ಇಂಗಾಲಕ್ಕೆ ಬೆಲೆ ಬಂದದ್ದು 1997ರ ಕ್ಯೋಟೊ ಹವಾಮಾನ ಒಪ್ಪಂದದ ನಂತರ. ಅದರ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ಹೊಸದಾಗಿ ಗಿಡ ನೆಟ್ಟವರಿಗೆ ಕ್ರೆಡಿಟ್ (ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಕೊಡುವ, ಮಾರಬಹುದಾದ ಪತ್ರ) ಸಿಗುತ್ತಿತ್ತು, ಇದ್ದ ಕಾಡನ್ನು ಉಳಿಸಿಕೊಂಡವರಿಗೆ ಸಿಗುತ್ತಿರಲಿಲ್ಲ. 2005ರಲ್ಲಿ ಪಪುವಾ ನ್ಯೂಗಿನಿ ಮತ್ತು ಕೋಸ್ಟರಿಕಾ ಈ ಅನ್ಯಾಯವನ್ನು ಮುಂದಿಟ್ಟವು. ಆ ವಾದವೇ ಬೆಳೆದು, ಕಾಡು ನಾಶವಾಗದಂತೆ ಉಳಿಸಿಕೊಂಡವರಿಗೂ ಪ್ರತಿಫಲ ಕೊಡುವ ರೆಡ್ ಪ್ಲಸ್ ವ್ಯವಸ್ಥೆ ಆಯಿತು. 2010ರ ಕ್ಯಾನ್‌ಕುನ್ ಸಮಾವೇಶದಲ್ಲಿ ಮೂಲನಿವಾಸಿಗಳ ಹಕ್ಕನ್ನು ಗೌರವಿಸಬೇಕೆಂಬ ಷರತ್ತೂ ಸೇರಿತು. ಆದರೆ ಇಂಗಾಲದ ಒಡೆಯರು ಯಾರೆಂಬುದನ್ನು ಆಯಾ ದೇಶಕ್ಕೇ ಬಿಡಲಾಯಿತು.

ಭಾರತದಲ್ಲಿ ಅದೇ ಹೊತ್ತಿಗೆ ಎರಡು ಬೇರೆ ದಾರಿಗಳು ತೆರೆದುಕೊಂಡವು. 2005ರಲ್ಲಿ ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಣ್ಯಭೂಮಿಯನ್ನು ಗಣಿಗೋ ಅಣೆಕಟ್ಟಿಗೋ ಪಡೆಯುವವರು ಆ ಕಾಡಿನ 'ನಿವ್ವಳ ಪ್ರಸ್ತುತ ಮೌಲ್ಯ'ವನ್ನು, ಅಂದರೆ ಅದು ಮುಂದೆ ಕೊಡಲಿದ್ದ ಪ್ರಯೋಜನಗಳ ಇಂದಿನ ಬೆಲೆಯನ್ನು, ತೆರಬೇಕೆಂಬುದನ್ನು ಎತ್ತಿಹಿಡಿಯಿತು. ಬಳಿಕ ಕಾಂಚನ್ ಚೋಪ್ರಾ ಸಮಿತಿ ಆ ಮೌಲ್ಯದ ಲೆಕ್ಕದಲ್ಲಿ ಇಂಗಾಲವನ್ನೂ ಸೇರಿಸಿತು. ಈ ಹಣ ಹೋಗುವುದು ಪರಿಹಾರಾತ್ಮಕ ಅರಣ್ಯೀಕರಣ ನಿಧಿಗೆ. 2016ರ ಕಾಯ್ದೆಯಂತೆ ಅದರ ಶೇ. 90 ರಾಜ್ಯಗಳಿಗೆ, ಶೇ. 10 ಕೇಂದ್ರಕ್ಕೆ, ಗ್ರಾಮಸಭೆಗೆಂದು ಪಾಲನ್ನು ಗೊತ್ತುಮಾಡಿಲ್ಲ. ನನ್ನ ದೃಷ್ಟಿಯಲ್ಲಿ ಒಡೆತನದ ಪ್ರಶ್ನೆಗೆ ಸರ್ಕಾರ ಸದ್ದಿಲ್ಲದೆ ಕೊಟ್ಟುಕೊಂಡ ಉತ್ತರ ಇದೇ.

ಇನ್ನೊಂದು ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನದ ಜೊತೆಗೆ, ಸಮುದಾಯ ಅರಣ್ಯವನ್ನು ರಕ್ಷಿಸುವ ಮತ್ತು ನಿರ್ವಹಿಸುವ ಹಕ್ಕನ್ನೂ ಅದು ಗ್ರಾಮಸಭೆಗೆ ಕೊಟ್ಟಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ, ಪಾಚಿಗಳನ್ನು ಅವರು ಹಕ್ಕಿನಿಂದ ಮಾರಬಹುದು. ಇಂಗಾಲವನ್ನು ಮಾರಬಹುದೇ ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ನಿರ್ವಹಣೆಯ ಹಕ್ಕಿನಲ್ಲಿ ಅದರ ಫಲವೂ ಅಡಗಿದೆ ಎಂದು ವಾದಿಸಲು ಅವಕಾಶವಂತೂ ಇದೆ.

ಮೇಘಾಲಯದಲ್ಲಿ ಈ ಗೊಂದಲ ಕಡಿಮೆ. ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಆಡಳಿತ ಕೊಡುವ ಸಂವಿಧಾನದ ಆರನೆಯ ಅನುಸೂಚಿಯ ರಕ್ಷಣೆಯಿರುವ ಅಲ್ಲಿ ಬಹುಪಾಲು ಕಾಡು ಕುಲ ಮತ್ತು ಸಮುದಾಯಗಳ ಕೈಯಲ್ಲಿದೆ. ಹಾಗಾಗಿಯೇ ಮಾಫ್ಲಾಂಗ್ ಸುತ್ತಲಿನ 10 ಖಾಸಿ ಹಿಮಾಗಳು, ಅಂದರೆ ಸಾಂಪ್ರದಾಯಿಕ ಆಡಳಿತ ಘಟಕಗಳು, ಒಕ್ಕೂಟ ಕಟ್ಟಿಕೊಂಡು ತಮ್ಮ ಕಾಡಿನ ಕ್ರೆಡಿಟ್‌ಗಳನ್ನು ತಾವೇ ಮಾರುವ ಯೋಜನೆಗೆ ಇಳಿದವು. ದಕ್ಷಿಣ ಅಮೆರಿಕದ ಗಯಾನಾದಲ್ಲಿ ವ್ಯವಹಾರ ಕುದುರಿಸಿದ್ದು ಸರ್ಕಾರ: 2022ರ ಡಿಸೆಂಬರ್‌ನಲ್ಲಿ ಹೆಸ್ ತೈಲ ಕಂಪನಿಯೊಂದಿಗೆ ಕನಿಷ್ಠ 75 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿ, ಶೇ. 15 ಪಾಲನ್ನು ಮೂಲನಿವಾಸಿಗಳ ಹಳ್ಳಿಗಳಿಗೆ ಕೊಡುವುದಾಗಿ ಹೇಳಿತು. ತಮ್ಮ ಒಪ್ಪಿಗೆಯನ್ನು ಸರಿಯಾಗಿ ಪಡೆದಿಲ್ಲವೆಂದು ಅಲ್ಲಿನ ಮೂಲನಿವಾಸಿ ಸಂಘಟನೆ ಆಕ್ಷೇಪಿಸಿತು.

2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೆಚ್ಚುವರಿ ಸಂಗ್ರಹ ಮಾಡುವುದಾಗಿ ಭಾರತ 2015ರಲ್ಲೇ ಜಗತ್ತಿಗೆ ಮಾತು ಕೊಟ್ಟಿದೆ. 2023ರಲ್ಲಿ ಇಂಗಾಲ ವ್ಯಾಪಾರದ ಯೋಜನೆಯೂ ಬಂದಿದೆ. ಒಂದೇ ಟನ್ನನ್ನು ದೇಶವೂ ತನ್ನ ಲೆಕ್ಕಕ್ಕೆ ಬರೆದುಕೊಂಡು, ಹೊರಗಿನ ಕೊಳ್ಳುಗನೂ ಬರೆದುಕೊಳ್ಳುವಂತಿಲ್ಲವಾದ್ದರಿಂದ, ಗ್ರಾಮಸಭೆ ಮಾರುವ ಹಕ್ಕಿಗೂ ಸರ್ಕಾರದ ಮಾತಿಗೂ ಘರ್ಷಣೆ ಏಳಬಹುದು. ಒಡೆತನದೊಂದಿಗೆ ಹೊಣೆಯೂ ಬರುತ್ತದೆ. ಇಂಥ ಒಪ್ಪಂದಗಳು ದಶಕಗಳ ಅವಧಿಯವು. ನಡುವೆ ಕಾಳ್ಗಿಚ್ಚು ಬಿದ್ದರೆ ಮಾರಿದ ಇಂಗಾಲ ಗಾಳಿಗೆ ಮರಳುತ್ತದೆ, ಆಗ ಅದನ್ನು ತುಂಬಿಕೊಡಬೇಕಾದವರು ಹಣ ಪಡೆದ ಗ್ರಾಮಸಭೆಯವರೋ ನೆಲದ ಒಡೆಯನಾದ ಸರ್ಕಾರವೋ ಎಂಬುದನ್ನು ಸಹಿ ಹಾಕುವ ಮೊದಲೇ ಬರೆದಿಡಬೇಕಾಗುತ್ತದೆ.