ಸೈಡ್‌ಮನ್ ಅಂದರೆ ಯಾರು?

'ಜೂಕ್' ಅಂತ ಒಂದು ರೆಕಾರ್ಡ್ ಇದೆ. 1952ರ ಮೇ 12ರಂದು ಶಿಕಾಗೋದಲ್ಲಿ ನುಡಿಸಿದ್ದು. ಅದರಲ್ಲಿ ಹಾಡಿಲ್ಲ, ಮಾತಿಲ್ಲ. ಮೂರು ನಿಮಿಷಕ್ಕೂ ಕಡಿಮೆ ಹೊತ್ತಿನ ಮೌತ್ ಆರ್ಗನ್, ಅಷ್ಟೇ. ಲೇಬಲ್ ಮೇಲೆ 'ಲಿಟಲ್ ವಾಲ್ಟರ್ ಮತ್ತು ಅವನ ನೈಟ್ ಕ್ಯಾಟ್ಸ್' ಎಂಬರ್ಥದ ಹೆಸರಿದೆ. ಆದರೆ ಅವತ್ತು ಸ್ಟುಡಿಯೋದಲ್ಲಿ ಗಿಟಾರ್ ಹಿಡಿದು ಕೂತಿದ್ದವರು ಮಡ್ಡಿ ವಾಟರ್ಸ್ ಮತ್ತು ಜಿಮ್ಮಿ ರೋಜರ್ಸ್. ಡ್ರಮ್ ಬಾರಿಸಿದವನು ಎಲ್ಗಾ ಎಡ್ಮಂಡ್ಸ್. ಮೂವರ ಹೆಸರೂ ಲೇಬಲ್ ಮೇಲಿಲ್ಲ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ. ಅದರ ಶಿಕಾಗೋ ಶೈಲಿ ಅಂದರೆ ಮೊದಲು ನೆನಪಾಗುವ ಗಾಯಕ ಮಡ್ಡಿ ವಾಟರ್ಸ್, ಆ ಮೂರು ನಿಮಿಷ ಬರೀ ಸೈಡ್‌ಮನ್.

ಸೈಡ್‌ಮನ್ ಅಂದರೆ ಪಕ್ಕದಲ್ಲಿ ಕೂತು ನುಡಿಸುವವನು. ನಾವು ಪಕ್ಕವಾದ್ಯದವರು ಅನ್ನುತ್ತೇವಲ್ಲ, ಪದಕ್ಕೆ ಪದ ಸರಿಹೋಗುತ್ತದೆ. ಮರ್ಯಾದೆ ಮಾತ್ರ ಸರಿಹೋಗುವುದಿಲ್ಲ. ನಮ್ಮ ಕಚೇರಿಯ ಆಮಂತ್ರಣದಲ್ಲಿ ಪಿಟೀಲು ಯಾರು, ಮೃದಂಗ ಯಾರು ಅಂತ ಅಚ್ಚಾಗಿರುತ್ತದೆ. ತನಿ ಆವರ್ತನ ಮುಗಿದರೆ ಚಪ್ಪಾಳೆ ಅವರಿಗೇ. ಪಿಟೀಲು ಚೌಡಯ್ಯನವರ ಹೆಸರಿನಲ್ಲಂತೂ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. 1950ರ ದಶಕದ ಶಿಕಾಗೋ ಸೈಡ್‌ಮನ್‌ಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಆವತ್ತಿನ ಸಂಬಳ. ರೆಕಾರ್ಡ್ ಎಷ್ಟೇ ಓಡಿದರೂ ಅದರಲ್ಲಿ ಪಾಲಿಲ್ಲ. 'ಜೂಕ್' ಬಿಲ್‌ಬೋರ್ಡ್ ಪತ್ರಿಕೆಯ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಿಟ್ ಪಟ್ಟಿಯಲ್ಲಿ 8 ವಾರ ಮೊದಲ ಸ್ಥಾನದಲ್ಲಿತ್ತು.

ಇವರಿಲ್ಲದೆ ಈ ಸಂಗೀತವೇ ಇಲ್ಲ ಅನ್ನುವುದಕ್ಕೆ ಕಾರಣವಿದೆ. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಬ್ಲೂಸ್ ಹಾಡಲು ಒಬ್ಬ ಮನುಷ್ಯ, ಒಂದು ಗಿಟಾರ್ ಸಾಕಾಗಿತ್ತು. ಮಡ್ಡಿ ವಾಟರ್ಸ್ ಅಲ್ಲಿಂದ 1943ರಲ್ಲಿ ಶಿಕಾಗೋಗೆ ಬಂದ. ಅವನ ಹಾಗೆ ದಕ್ಷಿಣದ ಲಕ್ಷಾಂತರ ಕಪ್ಪು ಜನ ಕೆಲಸ ಹುಡುಕಿ ಉತ್ತರದ ಊರುಗಳಿಗೆ ಹೊರಟಿದ್ದ ಕಾಲ ಅದು. ದಿನವಿಡೀ ದುಡಿದು ರಾತ್ರಿ ಬಾರಿಗೆ ಬಂದವರ ಗದ್ದಲದಲ್ಲಿ ಮರದ ಗಿಟಾರಿನ ಸದ್ದು ಯಾರಿಗೆ ಕೇಳಬೇಕು? ಹಾಗಾಗಿ ಗಿಟಾರಿಗೆ ಕರೆಂಟು ಬಂತು. ಜೊತೆಗೆ ಇನ್ನೊಂದು ಗಿಟಾರ್, ಪಿಯಾನೋ, ಡ್ರಮ್. ಲಿಟಲ್ ವಾಲ್ಟರ್ ಮೈಕನ್ನೂ ಮೌತ್ ಆರ್ಗನ್ನನ್ನೂ ಒಟ್ಟಿಗೆ ಅಂಗೈಯೊಳಗೆ ಮುಚ್ಚಿ ಹಿಡಿದು ಊದುತ್ತಿದ್ದ. ಆಂಪ್ಲಿಫೈಯರಿನಿಂದ ಸದ್ದು ದಪ್ಪಗೆ, ಸ್ವಲ್ಪ ಒಡೆದು ಬರುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ ಸ್ಯಾಕ್ಸೋಫೋನ್ ಇರಬಹುದಾ ಅನ್ನಿಸುತ್ತದೆ.

ಎಲ್ಗಾ ಎಡ್ಮಂಡ್ಸ್‌ನ ಕಥೆ ಸ್ವಲ್ಪ ಕೇಳಿ. ಈತ ಮೂಲತಃ ಜಾಝ್ ಡ್ರಮ್ಮರ್. 1951ರಲ್ಲಿ ಮಡ್ಡಿಯ 'ಶಿ ಮೂವ್ಸ್ ಮಿ' ಹಾಡಿಗೆ ಬೇಕಾದ ಪೆಟ್ಟು ಈತನಿಗೆ ಸಿಗಲೇ ಇಲ್ಲ. ರೆಕಾರ್ಡ್ ಕಂಪನಿಯ ಮಾಲೀಕ ಲೆನಾರ್ಡ್ ಚೆಸ್‌ಗೆ ತಾಳ್ಮೆ ಕೆಟ್ಟಿತು. ಪಕ್ಕಕ್ಕೆ ಸರಿ ಅಂತ ಬೈದು, ತಾನೇ ಕೂತು ಬಾಸ್ ಡ್ರಮ್ಮನ್ನು ಕಾಲಿನಿಂದ ಬಾರಿಸಿದ. ಮಡ್ಡಿಯೇ ಇದನ್ನು ಹೇಳಿಕೊಂಡಿದ್ದಾನೆ. ಮುಂದಿನ ವರ್ಷ 'ಜೂಕ್'ನಲ್ಲಿ ಬಾರಿಸಿದವನು ಇದೇ ಎಲ್ಗಾ. ಹಗುರವಾಗಿ, ಕುಣಿಯುವ ಹಾಗೆ ಹೋಗುತ್ತದೆ ಅವನ ಡ್ರಮ್. ಜಾಝ್ ಕೈ ಅಲ್ವಾ! ಆಮೇಲೆ ರೆಕಾರ್ಡುಗಳ ವಿವರ ಕಲೆಹಾಕಿದವರು ಅವನ ಹೆಸರನ್ನು 'ಎಲ್ಗಿನ್ ಇವಾನ್ಸ್' ಅಂತ ಬರೆದುಕೊಂಡರು. ಎಷ್ಟೋ ವರ್ಷ ಪುಸ್ತಕಗಳಲ್ಲಿ ಅದೇ ತಪ್ಪು ಹೆಸರು ಓಡಾಡಿತು. ಲೇಬಲ್ ಮೇಲಂತೂ ಹೆಸರಿರಲಿಲ್ಲ, ಕೊನೆಗೆ ಬರೆದಾಗಲೂ ಬೇರೆ ಯಾರದ್ದೋ ಹೆಸರು.

ಸೈಡ್‌ಮನ್‌ಗಳು ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಹಾರುವುದೂ ಮಾಮೂಲು. 'ಜೂಕ್' ಗೆದ್ದ ಮೇಲೆ ವಾಲ್ಟರ್ ಮಡ್ಡಿಯ ಬ್ಯಾಂಡನ್ನು ಬಿಟ್ಟು ಏಸಸ್ ಎಂಬ ಬ್ಯಾಂಡ್ ಸೇರಿದ. ಅಲ್ಲಿ ಮೌತ್ ಆರ್ಗನ್ ಊದುತ್ತಿದ್ದ ಜೂನಿಯರ್ ವೆಲ್ಸ್ ಮಡ್ಡಿಯ ಹತ್ತಿರ ಬಂದ. ಕುರ್ಚಿ ಅದಲು ಬದಲು. ಏಸಸ್‌ನ ಡ್ರಮ್ಮರ್ ಫ್ರೆಡ್ ಬಿಲೋ ಕೂಡ ಜಾಝ್ ಕಲಿತು ಬಂದವನೇ. ಶುರುವಿನಲ್ಲಿ ಅವನಿಗೆ ಬ್ಲೂಸ್‌ನ ತಲೆಬುಡ ತಿಳಿಯಲಿಲ್ಲವಂತೆ. ಆದರೆ ಮುಂದೆ ಶಿಕಾಗೋ ಬ್ಲೂಸ್‌ನ ಡ್ರಮ್ ಹೇಗಿರಬೇಕು ಅಂತ ಬೇರೆಯವರು ಕಲಿತದ್ದು ಅವನಿಂದಲೇ.

ನನಗೆ ಜಾಸ್ತಿ ಇಷ್ಟ ಹ್ಯೂಬರ್ಟ್ ಸಮ್ಲಿನ್. ಹೌಲಿನ್ ವುಲ್ಫ್ ಎಂಬ ಆಜಾನುಬಾಹು ಗಾಯಕನ ಪಕ್ಕದಲ್ಲಿ ನಿಲ್ಲುತ್ತಿದ್ದ ತೆಳ್ಳನೆಯ ಗಿಟಾರಿಸ್ಟ್. ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಬೆರಳಲ್ಲಿ ನುಡಿಸು ಅಂತ ವುಲ್ಫ್ ಅವನನ್ನು ಗದರಿದ್ದ. ಆ ಬೈಗುಳದಿಂದ ಅವನದ್ದೇ ಒಂದು ಶೈಲಿ ಹುಟ್ಟಿತು. ತಂತಿ ಎಳೆದು ಬಿಟ್ಟ ಹಾಗೆ, ಎಲ್ಲಿಂದ ಬಂತು ಗೊತ್ತಾಗದ ಹಾಗೆ ಸ್ವರ ಬರುತ್ತದೆ. 1964ರ 'ಕಿಲ್ಲಿಂಗ್ ಫ್ಲೋರ್' ಕೇಳಿ. ಹಾಡು ಶುರುವಾಗುವುದೇ ಗಿಟಾರಿನಿಂದ, ಕೊನೆವರೆಗೂ ಅದನ್ನು ಎಳೆದುಕೊಂಡು ಹೋಗುವುದೂ ಗಿಟಾರೇ. 2011ರಲ್ಲಿ ಸಮ್ಲಿನ್ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚು ಕೊಟ್ಟವರು ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್. ದೊಡ್ಡತನ ನಿಜ. ಆದರೆ ಅಂಥ ಗಿಟಾರಿಸ್ಟಿನ ಖರ್ಚನ್ನು ಬೇರೆಯವರು ಕೊಡಬೇಕಾಯಿತಲ್ಲ ಅನ್ನುವುದೂ ಚುಚ್ಚುತ್ತದೆ.

ಗಿಟಾರಿಸ್ಟ್ ಜೋಡಿ ವಿಲಿಯಮ್ಸ್ ಹೆಸರು ಇನ್ನೂ ಕಡಿಮೆ ಜನಕ್ಕೆ ಗೊತ್ತು. 1956ರಲ್ಲಿ ಗಾಯಕ ಬೋ ಡಿಡ್ಲಿಯ 'ಹೂ ಡು ಯು ಲವ್' ಹಾಡಿನಲ್ಲಿ ಕೇಳುವ ಕೆರಳಿದ ಗಿಟಾರ್ ಈತನದ್ದು. ತಾನು ಕಟ್ಟಿದ ಗಿಟಾರ್ ಸ್ವರಮಾಲೆ ಬೇರೆಯವರ ಹಿಟ್ ಹಾಡಿನಲ್ಲಿ ಕೇಳಿಬಂತು, ಕೇಸು ಕೋರ್ಟಿಗೂ ಹೋಯಿತು, ಈತನಿಗೆ ಕಾಸು ಬರಲಿಲ್ಲ. ಬೇಸತ್ತು ಸಂಗೀತ ಬಿಟ್ಟ. ಜೆರಾಕ್ಸ್ ಕಂಪನಿಯಲ್ಲಿ ತಾಂತ್ರಿಕ ಕೆಲಸಕ್ಕೆ ಸೇರಿದ. ನಿವೃತ್ತಿಯಾದ ಮೇಲೆ ಮತ್ತೆ ಗಿಟಾರ್ ಎತ್ತಿಕೊಂಡು, 2002ರಲ್ಲಿ ಆಲ್ಬಮ್ ತಂದ.

ಇವರನ್ನು ಕೇಳುವುದು ಹೇಗೆ? ಹೆಚ್ಚಿನವು ಮೊನೊ ರೆಕಾರ್ಡುಗಳು. ಎಡ ಕಿವಿಗೆ ಒಬ್ಬ, ಬಲ ಕಿವಿಗೆ ಇನ್ನೊಬ್ಬ ಅಂತ ಬಿಡಿಸಿ ಕೊಡುವುದಿಲ್ಲ. ಎಲ್ಲರೂ ಒಂದೇ ರೂಮಿನಲ್ಲಿ ಕೂತು ಒಟ್ಟಿಗೆ ನುಡಿಸಿದ್ದು. ಹಾಗಾಗಿ ಒಂದೇ ಹಾಡನ್ನು ಮೂರು ನಾಲ್ಕು ಸಲ ಹಾಕಿ. ಒಂದು ಸಲ ಗಾಯಕನನ್ನು ಮರೆತು ಸುಮ್ನೆ ಪಿಯಾನೋ ಹಿಂದೆ ಹೋಗಿ, ಇನ್ನೊಂದು ಸಲ ಡ್ರಮ್. ಮಡ್ಡಿಯ ಹಾಡುಗಳಲ್ಲಿ ಪಿಯಾನೋ ಹೆಚ್ಚಾಗಿ ಓಟಿಸ್ ಸ್ಪ್ಯಾನ್‌ದು. ಗಾಯಕ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಅವನ ಬೆರಳು ಓಡುತ್ತದೆ, ಗಾಯಕ ಬಾಯಿ ತೆರೆದ ಕೂಡಲೇ ತಗ್ಗುತ್ತದೆ.

ಬ್ಲೂಸ್ ಗಾಯಕ ಜಿಮ್ಮಿ ರೀಡ್‌ನ ಹಾಡುಗಳು ಇದಕ್ಕೆ ಸುಲಭದ ಮೆಟ್ಟಿಲು. ಕೆಳಗೆ ಎತ್ತಿನಗಾಡಿ ಹೋದ ಹಾಗೆ ಕುಲುಕುತ್ತಾ ಸಾಗುವ ಗಿಟಾರ್ ಎಡ್ಡಿ ಟೇಲರ್‌ದು. ರೀಡ್‌ಗೆ ಗಿಟಾರ್ ಹೇಳಿಕೊಟ್ಟವನೂ ಅವನೇ. ಆದರೆ ಇಲ್ಲಿ ಸೈಡ್‌ಮನ್ ಅನ್ನುವ ಪದವೇ ಸಾಲದಾಗುತ್ತದೆ. ರೀಡ್‌ಗೆ ಸಾಹಿತ್ಯ ಮರೆತುಹೋಗುತ್ತಿತ್ತು. ಹೆಂಡತಿ ಮೇರಿ ಸ್ಟುಡಿಯೋದಲ್ಲಿ ಪಕ್ಕದಲ್ಲೇ ಇದ್ದು, ಸಾಲು ಸಾಲಾಗಿ ಕಿವಿಯಲ್ಲಿ ಹೇಳಿಕೊಡುತ್ತಿದ್ದಳು. ಮಾಮಾ (ಅಂದರೆ ಅಮ್ಮ) ರೀಡ್ ಅಂತಲೇ ಹೆಸರಾದವಳು. 1961ರ 'ಬ್ರೈಟ್ ಲೈಟ್ಸ್, ಬಿಗ್ ಸಿಟಿ' ಹಾಕಿ, ವಾಲ್ಯೂಮ್ ಜಾಸ್ತಿ ಮಾಡಿ. ರೀಡ್‌ನ ದನಿಯ ಜೊತೆಜೊತೆಗೇ ಇನ್ನೊಂದು ದನಿ ಕೇಳಿಸುತ್ತದೆ. ಅದು ಅವಳದ್ದು.